ಹನ್ನೊಂದು ಹತ್ತರ ನೀರು

ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು ನಿಲ್ಲುವುದೇ ಇಲ್ಲ. ಡಜನ್ ತಂದರೆ ತಿಂಗಳು ಕಳೆಯುವಷ್ಟರಲ್ಲಿ ನಾಲ್ಕು ಉಳಿದಿರುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕಾಗೆಗಳ ಮೇಲೆ ಅನುಮಾನವಿತ್ತು. ಆಮೇಲೆ ಗೊತ್ತಾಯಿತು, ಕಳ್ಳರು ಮನೆಯೊಳಗೇ ಇದ್ದಾರೆ, ಅದೂ ನನ್ನ ಅತ್ತೆ.

ಬಂದರು ಇಲಾಖೆಯ ಕಚೇರಿಗೆ ನೀರು ಓದಿಕೊಡುವ ಕೆಲಸ ಮಾಡಿದವರು ಅತ್ತೆ. ನಮ್ಮ ಮನೆಯಿಂದ ಕಾಲು ಗಂಟೆ ನಡೆದರೆ ಒಂದು ಸಣ್ಣ ಕೊಲ್ಲಿ ಇದೆ. ಎರಡು ಕಡೆಯಿಂದ ಬಂಡೆಗಳು ಕೈಚಾಚಿಕೊಂಡು, ನಡುವೆ ಬಾಗಿಲಷ್ಟು ಜಾಗ ಬಿಟ್ಟಿವೆ. ಅಲ್ಲಿಂದಲೇ ಕಡಲು ಒಳಗೆ ಬರಬೇಕು, ಅಲ್ಲಿಂದಲೇ ಹೊರಗೆ ಹೋಗಬೇಕು. ಆ ಕೊಲ್ಲಿಯ ಅಂಚಿನಲ್ಲಿ ಅಳತೆಯ ಗೆರೆ ಹಾಕಿದ ಒಂದು ಕಂಬ. ನೀರು ಯಾವ ಗೆರೆಯ ಹತ್ತಿರ ನಿಂತಿದೆ ಎಂದು ದಿನಕ್ಕೆ ಮೂರು ಸಲ ನೋಡಿ ಬರೆಯುವುದು ಅತ್ತೆಯ ಕೆಲಸ. ಬರೀ ನೋಡಿ ಬರೆದರೆ ಸಾಲದು, ನೀರು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯಬೇಕು. ಅದಕ್ಕೆ ಅವರು ನೀರಿನ ಮಟ್ಟಕ್ಕೆ ಸರಿಯಾಗಿ ಕಂಬದ ಅಂಚಿಗೆ ಒಂದು ಬಟ್ಟೆ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಹತ್ತು ನಿಮಿಷ ತಮ್ಮ ಕಲ್ಲಿನ ಮೇಲೆ ಕೂತು, ಮತ್ತೆ ನೋಡುತ್ತಿದ್ದರು. ಕ್ಲಿಪ್ಪು ಮುಳುಗಿದರೆ ಬರುವ ನೀರು, ಮೇಲೆ ಒಣಗಿ ನಿಂತರೆ ಹೋಗುವ ನೀರು. ಮರಳಿ ಬರುವಾಗ ಹತ್ತರಲ್ಲಿ ಒಂದು ಸಲ ಕ್ಲಿಪ್ಪನ್ನು ಅಲ್ಲೇ ಮರೆತು ಬರುತ್ತಿದ್ದರು.

ಒಂದು ದಿನ ದೊಡ್ಡ ಬಂದರಿನಲ್ಲಿ ಯಂತ್ರ ಕೂರಿಸಿದರು, ಅತ್ತೆಗೆ ನಾಳೆಯಿಂದ ಬರಬೇಡಿ ಎಂದರು. ಬರಬೇಡಿ ಎಂದದ್ದು ಕಚೇರಿಗೆ, ಕಂಬದ ಹತ್ತಿರಕ್ಕಲ್ಲವಲ್ಲ ಎಂದುಕೊಂಡು ಅತ್ತೆ ಮರುದಿನವೂ ಹೋದರು. ಇವತ್ತಿಗೂ ಹೋಗುತ್ತಾರೆ, ದಿನಕ್ಕೆ ಒಂದೇ ಸಲ. ಮೂವತ್ತೊಂದು ವರ್ಷದ ನೋಟ್‌ಪುಸ್ತಕಗಳು ಅವರ ಮಂಚದ ಕೆಳಗಿನ ಟ್ರಂಕಿನಲ್ಲಿವೆ. ಆ ಟ್ರಂಕನ್ನು ಸರಿಸಿ ನೆಲ ಒರೆಸುವುದು ನನ್ನ ವಾರದ ಕೆಲಸಗಳಲ್ಲೆಲ್ಲ ಭಾರವಾದದ್ದು.

ನಾನು ಟೈಪಿಸ್ಟ್. ಮಗಳನ್ನು ಶಾಲೆಗೆ ಕಳಿಸಿ, ಪಾತ್ರೆ ತೊಳೆದಿಟ್ಟು, ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಕಚೇರಿಗೆ ಹೋಗುತ್ತೇನೆ. ಮೂರು ಗಂಟೆಗೆ ವಾಪಸ್ಸು. ಬೇಸಗೆಯಲ್ಲಿ ಆ ಕಚೇರಿಯ ಕಾಗದಗಳಿಗೂ ರಬ್ಬರಿನ ವಾಸನೆ ಅಂಟುತ್ತದೆ. ನಡೆಸುವವರು ವಕೀಲಮ್ಮ. ತಾವು ಕೋರ್ಟಿನಿಂದ ನಿವೃತ್ತಿಯಾಗಿರುವುದೇ ಹೊರತು ವಾದದಿಂದಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ಕಡಲತೀರವನ್ನು ಕಾಯುವುದು ನಮ್ಮ ಕೆಲಸ, ಆದರೆ ಕೆಲಸದಲ್ಲಿ ಕಡಲು ಕಾಣುವುದಿಲ್ಲ, ಕಾಣುವುದೆಲ್ಲ ಪತ್ರ. ಮಂತ್ರಿಗಳಿಗೆ ಪತ್ರ, ಇಲಾಖೆಗೆ ಪತ್ರ, ಪತ್ರಿಕೆಗೆ ಪತ್ರ, ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲವೆಂದು ನೆನಪಿನ ಪತ್ರ.

ಕಚೇರಿಯ ಬಾಡಿಗೆ, ನನ್ನ ಸಂಬಳ, ನೀರಿನಡಿ ಫೋಟೊ ತೆಗೆಯುವವರ ಖರ್ಚು, ಎಲ್ಲ ಕೊಡುವವರು ಹಗ್ಗದಂಗಡಿಯ ಯಜಮಾನರು. ದೋಣಿಗಳಿಗೆ ಹಗ್ಗ ಮಾರಿ ಬೆಳೆದ ಮನೆ ಅವರದು. ಅವರಿಗೆ ಎಪ್ಪತ್ತು ದಾಟಿದೆ, ಒಂದು ಮಂಡಿ ಮಡಚುವುದಿಲ್ಲ. ಕೊಲ್ಲಿಯ ದಡದಲ್ಲಿ ಹಗ್ಗ ಒಣಗಿಸುವ ಅವರ ಹಳೆಯ ಅಂಗಳವಿದೆ. ಕೊಲ್ಲಿಗೆ ಸರ್ಕಾರದ ರಕ್ಷಣೆ ಸಿಕ್ಕಿದರೆ ಆ ಅಂಗಳವನ್ನೂ ಕಾವಲಿನ ಮನೆ ಕಟ್ಟಲು ಬಿಟ್ಟುಕೊಡುತ್ತೇನೆ ಎಂದಿದ್ದರು. ವಕೀಲಮ್ಮ ಎಷ್ಟು ಕರೆದರೂ ಕೊಲ್ಲಿಯೊಳಗೆ ಏನಿದೆ ಎಂದು ನೋಡಲು ಮಾತ್ರ ಒಂದು ಸಲವೂ ಬಂದಿರಲಿಲ್ಲ.

ನಾನು ನೋಡಿದ್ದೆನೇ? ಅದೂ ಇಲ್ಲ. ಕೊಲ್ಲಿಯ ತಳದಲ್ಲಿ ಕಡಲಹುಲ್ಲಿನ ಗಾವಲಿದೆ, ಅದು ಮೀನುಮರಿಗಳ ತೊಟ್ಟಿಲು, ಅದನ್ನು ಉಳಿಸಿ ಎಂದು ನೂರಾರು ಸಲ ಟೈಪ್ ಮಾಡಿದ್ದೇನೆ. ನೀರು ಪೂರ್ತಿ ಇಳಿದು ಅದು ಕಾಣಿಸುವುದು ವರ್ಷದಲ್ಲಿ ಒಂದೆರಡು ದಿನ, ಅದೂ ನಡುಬೆಳಗಿನ ಹೊತ್ತು. ಆ ಹೊತ್ತಿಗೆ ನಾನು ಯಾವಾಗಲೂ ಟೈರ್ ಅಂಗಡಿಯ ಮೇಲೆ ಇರುತ್ತೇನೆ. ಅತ್ತೆ ಒಂದೆರಡು ಸಲ ಕರೆದಿದ್ದರು. ರಜಾ ಹಾಕಿ ಹುಲ್ಲು ನೋಡಲು ಹೋಗುವುದೇ ಎಂದು ನಾನು ನಕ್ಕಿದ್ದೆ.

ಆ ವರ್ಷ ಇಡೀ ಕರಾವಳಿಯ ನಕ್ಷೆ ಮಾಡಲು ಒಂದು ಸಮಿತಿ ಕೂತಿತ್ತು. ಯಾವ ಜಾಗದಲ್ಲಿ ಹೂಳೆತ್ತುವ ಯಂತ್ರ ಇಳಿಯಬಹುದು, ಯಾವುದರಲ್ಲಿ ಇಳಿಯಬಾರದು ಎಂದು ಅವರು ಬಣ್ಣ ಹಾಕಿ ಗುರುತಿಸಬೇಕು. ಹಸಿರು ಎಂದರೆ ಮುಟ್ಟುವಂತಿಲ್ಲ. ಬಿಳಿ ಎಂದರೆ ಅಲ್ಲಿ ಏನೂ ಇಲ್ಲ, ಬರಿ ಮರಳು. ಮೊದಲ ಕರಡಿನಲ್ಲಿ ನಮ್ಮ ಕೊಲ್ಲಿ ಬಿಳಿಯಾಗಿ ಬಂತು. ಶ್ರೀಮಂತರ ವಿಹಾರದ ದೋಣಿಗಳಿಗೆ ನಿಲ್ದಾಣ ಮಾಡಲು ಕಾದು ಕೂತವರು ಆಗಲೇ ಬಂಡೆಗಳ ಮೇಲೆ ಸುಣ್ಣದ ಗುರುತು ಹಾಕಿಹೋಗಿದ್ದರು. ವಕೀಲಮ್ಮ ಆರು ವರ್ಷದ ಕಡತ ಹೊತ್ತುಕೊಂಡು ಸಮಿತಿಯ ಮುಂದೆ ನಿಂತರು. ಕೊನೆಗೆ ಒಂದು ದಿನ ಬಂದು ನೋಡುತ್ತೇವೆ, ಒಂದು ಗಂಟೆಯ ಹೊತ್ತು, ದಿನ ಮತ್ತು ವೇಳೆ ನೀವೇ ತಿಳಿಸಿ ಎಂದು ಉತ್ತರ ಬಂತು. ಅದಾದ ಮೇಲೆ ನಕ್ಷೆ ಅಂತಿಮ.

ಅತ್ತೆ ಟ್ರಂಕು ತೆಗೆದು ಒಂದು ಸಂಜೆಯೆಲ್ಲ ಕೂತರು. ಮಗಳ ರಫ್ ಪುಸ್ತಕದ ಒಂದು ಹಾಳೆ ಹರಿದು, ತಾರೀಖು ಬರೆದು, ಅದರ ಕೆಳಗೆ ಹನ್ನೊಂದು ಹತ್ತು ಎಂದು ಬರೆದುಕೊಟ್ಟರು.

ಮರುದಿನ ಟೈಪ್ ಮಾಡುವಾಗ ನಾನು ಅಚ್ಚಾದ ಪಟ್ಟಿಯನ್ನು ತೆರೆದು ನೋಡಿದೆ. ಬಂದರು ಇಲಾಖೆ ಪ್ರತಿವರ್ಷ ಹೊರತರುವ ಉಬ್ಬರವಿಳಿತದ ಪಟ್ಟಿ ಅದು. ತಾರೀಖು ಸರಿಯಾಗಿತ್ತು, ವರ್ಷದಲ್ಲೇ ಅತಿ ಕೆಳಗಿನ ನೀರು. ವೇಳೆ ಮಾತ್ರ ಹತ್ತು ಇಪ್ಪತ್ತು ಎಂದಿತ್ತು. ಅತ್ತೆಗೆ ಎಪ್ಪತ್ತನಾಲ್ಕು, ಒಂದು ಕಣ್ಣಿಗೆ ಪೊರೆ. ಕೆಳಗಿನ ಸಾಲು ಓದಿರಬೇಕು ಎಂದುಕೊಂಡೆ. ಹತ್ತು ಇಪ್ಪತ್ತು ಎಂದು ಟೈಪ್ ಮಾಡಿದೆ.

ಮನೆಯಲ್ಲಿ ನನ್ನ ಅಭ್ಯಾಸವೇ ಅದು. ಗಂಡ ತಪ್ಪಾಗಿ ಹಾಕಿದ ಗುಂಡಿ, ಮಗಳು ಬೆನ್ನಿಗೆ ಮುಂಭಾಗ ಬರುವಂತೆ ತೊಟ್ಟ ಅಂಗಿ, ಅತ್ತೆ ಎರಡು ಸಲ ಹಾಕಿದ ಉಪ್ಪು, ಯಾರಿಗೂ ಹೇಳದೆ ಸರಿಮಾಡಿಬಿಡುತ್ತೇನೆ. ಹೇಳಿದರೆ ಅವರ ಮುಖ ಸಣ್ಣದಾಗುತ್ತದೆ, ಅದನ್ನು ನೋಡಲು ನನಗಾಗುವುದಿಲ್ಲ. ಇದನ್ನೂ ಹಾಗೆಯೇ ಸರಿಮಾಡಿ, ಹೇಳದೆ ಇದ್ದೆ. ವಕೀಲಮ್ಮ ನನ್ನ ಮೇಲಿನ ನಂಬಿಕೆಯಿಂದ ಓದದೆ ಸಹಿ ಹಾಕಿದರು.

ಆ ದಿನ ಬೆಳಿಗ್ಗೆ ನೆನೆಸಿದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಮಗಳನ್ನು ಶಾಲೆಯ ಬಾಗಿಲಿಗೆ ಮುಟ್ಟಿಸಿ, ಒಂಬತ್ತೂವರೆಗೆ ಅತ್ತೆಯನ್ನು ಹೊರಡಿಸಿದೆ. ಇಷ್ಟು ಬೇಗ ಯಾಕೆ ಎಂದರು. ದೊಡ್ಡವರು ಬರುತ್ತಾರೆ, ಮೊದಲೇ ಹೋಗಿರೋಣ ಎಂದೆ. ಅಧಿಕಾರಿಗಳಿಗೆ ಟೀ ಕುಡಿಯಲು ಒಂದು ಗಂಟೆ ಬೇಕಲ್ಲ ಎಂದು ಅವರೇ ಸಮಾಧಾನ ಮಾಡಿಕೊಂಡರು.

ಹಗ್ಗದಂಗಡಿಯ ಯಜಮಾನರು ತಮ್ಮ ಅಂಗಳದಲ್ಲಿ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಂಗಡಿಯ ತಳ್ಳುಗಾಡಿಯಲ್ಲಿ ಹಗ್ಗದ ಸುರುಳಿಗಳ ನಡುವೆ ಕೂತು ಬಂದಿದ್ದಾರೆಂದು ವಕೀಲಮ್ಮ ನನ್ನ ಕಿವಿಯಲ್ಲಿ ಹೇಳಿದರು. ಹತ್ತು ಗಂಟೆ ದಾಟುತ್ತಲೇ ಸಮಿತಿಯ ವ್ಯಾನು ಬಂತು. ಅಧ್ಯಕ್ಷೆ ತೆಳ್ಳಗಿನ ಹೆಂಗಸು, ಬೆಳ್ಳಗಾದ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದರು. ಮಾತು ಕಡಿಮೆ, ಎಲ್ಲವನ್ನೂ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಹಿಂದೆ ಕರಡು ನಕ್ಷೆ ಬರೆದ ಎಂಜಿನಿಯರ್, ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿಕೊಂಡೇ ಇಳಿದರು. ಇನ್ನಿಬ್ಬರು ಸದಸ್ಯರು ವ್ಯಾನಿನಿಂದ ಇಳಿದದ್ದು ಫೋನಿನಲ್ಲಿ ಮಾತಾಡುತ್ತಲೇ.

ಹತ್ತು ಇಪ್ಪತ್ತಾಯಿತು. ಕೊಲ್ಲಿಯ ತುಂಬ ಟೀ ಬಣ್ಣದ ನೀರು. ಆಳವೇನಿಲ್ಲ, ಕಣಕಾಲು ಮುಳುಗುವಷ್ಟು, ಆದರೆ ಗಾಳಿಗೆ ಮೇಲೆಲ್ಲ ಸುಕ್ಕು, ಸುಕ್ಕಿನ ಮೇಲೆ ಬಿಸಿಲಿನ ಹೊಳಪು. ಅಲ್ಲಲ್ಲಿ ಕಪ್ಪು ಕಪ್ಪಾಗಿ ಏನೋ ಇತ್ತು. ಎಂಜಿನಿಯರ್ ಬೂಟಿನಲ್ಲಿ ನಾಲ್ಕು ಹೆಜ್ಜೆ ಇಳಿದು, ಒಂದು ಕೈ ಕೆಸರು ಎತ್ತಿ ತೋರಿಸಿ, ನಾವು ಬರೆದದ್ದೂ ಇದನ್ನೇ ಎಂದು ಮರ್ಯಾದೆಯಿಂದಲೇ ಹೇಳಿದರು. ವಕೀಲಮ್ಮ ಫೋಟೊಗಳನ್ನು ತೋರಿಸಿ ಮಾತಾಡುತ್ತಲೇ ಇದ್ದರು, ಆದರೆ ನಡುನಡುವೆ ನೀರಿನ ಕಡೆ ತಿರುಗಿ ನೋಡುತ್ತಿದ್ದರು. ಹತ್ತೂವರೆಯಾಯಿತು. ಅಧ್ಯಕ್ಷೆ ಪುಸ್ತಕದಲ್ಲಿ ಒಂದೇ ಸಾಲು ಬರೆದು ಮುಚ್ಚಿದರು. ಡ್ರೈವರ್ ವ್ಯಾನಿನ ಎಂಜಿನ್ ಶುರುಮಾಡಿದ.

"ಏನಮ್ಮಾ," ಎಂದರು ಯಜಮಾನರು ಅತ್ತೆಯ ಕಡೆ ತಿರುಗಿ. "ಇವತ್ತು ನಿಮ್ಮ ಕಡಲು ರಜಾ ಹಾಕಿದ್ಯಾ?"

ಅತ್ತೆ ತಮ್ಮ ಕಲ್ಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅದಕ್ಕಿನ್ನೂ ಟೈಮ್ ಆಗಿಲ್ಲ. ಹನ್ನೊಂದು ಹತ್ತು ಅಂತ ಬರೆದು ಕೊಟ್ಟಿದ್ನಲ್ಲ."

ಎಂಜಿನಿಯರ್ ನಕ್ಕರು, ಕೆಟ್ಟ ನಗುವಲ್ಲ, ನಮ್ಮ ಮನೆಗೆ ಬಂದ ನೆಂಟರು ಅತ್ತೆಯ ಹಳೆಯ ಕತೆ ಕೇಳಿ ನಗುವಂಥ ನಗು. ಪಟ್ಟಿಯ ಪ್ರಕಾರ ನೀರು ಆಗಲೇ ಏರಲು ಶುರುವಾಗಿದೆ ಅಜ್ಜಿ ಎಂದರು. ವಕೀಲಮ್ಮ ಕಡತದಿಂದ ಪತ್ರದ ಪ್ರತಿ ತೆಗೆದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಅಲ್ಲಿದ್ದ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ವಯಸ್ಸಾದವರು, ಮರೆತಿದ್ದಾರೆ ಎಂದು ಎಲ್ಲರೂ ಅಂದುಕೊಂಡಾಗಿತ್ತು. ನಾನು ಸುಮ್ಮನಿದ್ದರೆ ಸಾಕಾಗಿತ್ತು. ಅತ್ತೆ ಬಿಡಿಸಿದ ಕಾಳುಗಳನ್ನು ಮಡಿಲಲ್ಲಿ ಕೂಡಿಸುತ್ತ, ಯಾರು ಹೊರಟರು ಯಾರು ನಿಂತರು ಎಂಬ ಪರಿವೆಯಿಲ್ಲದೆ ಕಂಬವನ್ನೇ ನೋಡುತ್ತಿದ್ದರು. ನಾನು ವ್ಯಾನಿನ ಬಾಗಿಲವರೆಗೆ ನಡೆದೆ.

"ಮೇಡಂ, ತಪ್ಪು ನಂದು," ಎಂದೆ. "ನಮ್ಮತ್ತೆ ಹನ್ನೊಂದು ಹತ್ತು ಅಂತಾನೇ ಬರೆದಿದ್ರು. ಪಟ್ಟಿ ನೋಡಿ ನಾನೇ ತಿದ್ದಿದೆ. ಅವರನ್ನ ಕೇಳಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಪತ್ರದಲ್ಲಿರೋದು ನನ್ನ ಟೈಮು, ಕಡಲಿನ ಟೈಮಲ್ಲ."

ಅಧ್ಯಕ್ಷೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹನ್ನೆರಡಕ್ಕೆ ತಮಗೆ ಇನ್ನೊಂದು ಕಡೆ ಸಭೆಯಿದೆ, ಒಂದೂಕಾಲು ಗಂಟೆಯ ದಾರಿ, ಅಚ್ಚಾದ ಪಟ್ಟಿಯನ್ನು ಬಿಟ್ಟು ಮನೆಯವರ ಮಾತಿನ ಮೇಲೆ ಸಮಿತಿಯನ್ನು ನಿಲ್ಲಿಸಲು ಬರುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಅವರು ಎದ್ದು ಬಂದಿರಲಿಲ್ಲ, ಕೂತಲ್ಲಿಂದಲೇ ಎಂಜಿನಿಯರನ್ನು ಕರೆಯುತ್ತಿದ್ದರು. ಕೈಚೀಲದಿಂದ ಒಂದು ಕೆಂಪು ಕ್ಲಿಪ್ಪು ತೆಗೆದು ಹಿಡಿದಿದ್ದರು. ಅದು ಹಿಂದಿನ ವಾರ ನಾನು ತಂದ ಹೊಸ ಡಜನ್ನಿನದು.

"ಬೂಟು ಹಾಕಿದೀರಲ್ಲ, ಒಂದುಪಕಾರ ಮಾಡಿ. ಇದನ್ನ ಆ ಕಂಬಕ್ಕೆ, ನೀರು ಮುಟ್ಟೋ ಕಡೆ ಸರಿಯಾಗಿ ಸಿಕ್ಕಿಸಿ ಬನ್ನಿ. ಹತ್ತೇ ನಿಮಿಷ. ಕ್ಲಿಪ್ಪು ಮುಳುಗಿದ್ರೆ ನೀವು ಹೋಗಿ, ನಾನೂ ಹೋಗ್ತೀನಿ, ಮನೇಲಿ ಬಟ್ಟೆ ನೆನೀತಾ ಇದೆ."

ಎಂಜಿನಿಯರ್ ಅಧ್ಯಕ್ಷೆಯ ಮುಖ ನೋಡಿದರು. ಅಧ್ಯಕ್ಷೆ ವಾಚು ನೋಡಿಕೊಂಡರು. ಅಳೆಯಲು ಸಿಕ್ಕುವಂಥದ್ದನ್ನು ಅಳೆಯದೆ ಬಿಡಲು ಅವರಿಗೂ ಆಗಲಿಲ್ಲವೋ ಏನೋ, ಹತ್ತು ನಿಮಿಷ ಎಂದು ಬೆರಳೆತ್ತಿ ಹೇಳಿ ವ್ಯಾನಿನ ಮೆಟ್ಟಿಲ ಮೇಲೆ ಕೂತರು. ಎಂಜಿನಿಯರ್ ಹೋಗಿ, ಬಗ್ಗಿ, ಕೆನ್ನೆ ನೀರಿಗೆ ತಾಗುವಂತೆ ನೋಡಿ ಕ್ಲಿಪ್ಪು ಸಿಕ್ಕಿಸಿದರು.

ಹೆರಿಗೆಯ ಕೋಣೆಯಲ್ಲಿ ಒಮ್ಮೆ ಅಷ್ಟು ಉದ್ದದ ಹತ್ತು ನಿಮಿಷ ಕಳೆದಿದ್ದೇನೆ, ಮತ್ತೆ ಆ ದಿನ. ಅತ್ತೆ ಕಡಲೆಕಾಯಿಯನ್ನು ಯಜಮಾನರಿಗೆ ಕೊಟ್ಟರು, ಅವರು ಡ್ರೈವರಿಗೆ ಕೊಟ್ಟರು. ಹತ್ತು ಮುಗಿಯುತ್ತಲೇ ಎಂಜಿನಿಯರ್ ಹೋಗಿ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಕ್ಲಿಪ್ಪಿನ ಕೆಳಗೆ ಎರಡು ಬೆರಳಿಟ್ಟು ನೋಡಿದರು, ವಾಚು ನೋಡಿದರು, ಜೇಬಿನಿಂದ ಪಟ್ಟಿ ತೆಗೆದು ನೋಡಿದರು, ಮತ್ತೆ ಬೆರಳಿಟ್ಟರು.

"ಇಳೀತಿದೆ, ಮೇಡಂ. ಎರಡು ಬೆರಳು."

ಆ ಪಟ್ಟಿ ದೊಡ್ಡ ಬಂದರಿನದು ಎಂದು ಆಗ ಅತ್ತೆ ವಿವರಿಸಿದರು, ಮಗಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ. ಅಲ್ಲಿ ಕಡಲು ಎದುರಿಗೇ ಇದೆ, ಹೇಳಿದ ಹೊತ್ತಿಗೆ ಹೋಗುತ್ತದೆ. ಇಲ್ಲಿ ಇಷ್ಟೇ ಬಾಗಿಲು. ಸಿನಿಮಾ ಮುಗಿದ ಕೂಡಲೇ ಎಲ್ಲರೂ ಹೊರಗೆ ಬಂದುಬಿಡುತ್ತಾರೆಯೇ? ಹೊರಗೆ ನೀರು ತಿರುಗಿದ ಮೇಲೂ ಐವತ್ತು ನಿಮಿಷ ಒಳಗಿನದು ಹೋಗುತ್ತಲೇ ಇರುತ್ತದೆ. ಅಧ್ಯಕ್ಷೆ ಡ್ರೈವರಿಗೆ ಎಂಜಿನ್ ಆರಿಸಲು ಹೇಳಿದರು. ಬಂದು ಹಗ್ಗದ ಸುರುಳಿಯ ಮೇಲೆ ಕೂತು, ಪುಸ್ತಕ ತೆರೆದು, ಆಗಲೇ ಬರೆದ ಸಾಲಿನ ಮೇಲೆ ಗೆರೆ ಎಳೆದರು.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ ಎಂದು ಇಷ್ಟು ದಿನ ಯೋಚಿಸಿದ್ದೇನೆ. ತೊಳೆಯುತ್ತಿದ್ದ ಪಾತ್ರೆ ಕೈಯಲ್ಲೇ ನಿಂತುಬಿಡುತ್ತದೆ.

ಮೊದಲು ಗಾಳಿ ನಿಂತಿತು. ಅಥವಾ ನೀರು ಇನ್ನು ಸುಕ್ಕಾಗಲಾರದಷ್ಟು ತೆಳುವಾಯಿತು. ಕಪ್ಪಗಿದ್ದ ಜಾಗಗಳಲ್ಲಿ ಏನೋ ಮೇಲಕ್ಕೆ ಎದ್ದಂತೆ ಕಂಡಿತು. ಏಳುತ್ತಿರಲಿಲ್ಲ, ನೀರು ಅದರಿಂದ ಜಾರುತ್ತಿತ್ತು. ಒಂದು ಎಲೆ, ಹತ್ತು ಎಲೆ. ನಾನು ರೆಪ್ಪೆ ಬಡಿದು ನೋಡುವಷ್ಟರಲ್ಲಿ ದಡದಿಂದ ಬಂಡೆಯ ಬಾಗಿಲವರೆಗೆ ಹಸಿರು. ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿದಾಗ ಇರುತ್ತದಲ್ಲ, ಹಾಗೆ ಕೋಟ್ಯಂತರ ಎಲೆಗಳು ಒಂದೇ ಕಡೆಗೆ, ಕಡಲು ಹೋದ ಕಡೆಗೆ, ಮಲಗಿದ್ದವು. ಅಷ್ಟನ್ನೂ ಮುಚ್ಚಿಟ್ಟಿದ್ದದ್ದು ಒಂದು ಮುಷ್ಟಿಯಷ್ಟು ನೀರು.

ಅದಕ್ಕೊಂದು ಸದ್ದಿತ್ತು. ಅದನ್ನು ಯಾವ ಪತ್ರದಲ್ಲೂ ನಾನು ಟೈಪ್ ಮಾಡಿರಲಿಲ್ಲ. ಇಡೀ ಕೊಲ್ಲಿ ಚಿಟಿಚಿಟಿ ಎನ್ನುತ್ತಿತ್ತು, ಸಣ್ಣ ಉರಿಯಲ್ಲಿ ಇಟ್ಟ ಬಾಣಲೆಯ ಹಾಗೆ. ಎಲೆಗಳ ಬುಡದಿಂದ ಗುಳ್ಳೆಗಳು ಒಡೆಯುತ್ತಿದ್ದವು, ಉಗುರಿನಷ್ಟು ಏಡಿಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಫೋನ್ ಹಿಡಿದಿದ್ದ ಸದಸ್ಯರೊಬ್ಬರು ಆಮೇಲೆ ಮಾಡುತ್ತೇನೆ ಎಂದು ಕಾಲ್ ಕತ್ತರಿಸಿದರು. ಪಿಸುಮಾತಿನಲ್ಲಿ ಹೇಳಿದರು, ಮಲಗಿದ ಮಗುವಿನ ಕೋಣೆಗೆ ಬಂದವರ ಹಾಗೆ.

ಅತ್ತೆ ಎದ್ದು ಎಲ್ಲರಿಗೂ ಚಪ್ಪಲಿ ಬೂಟು ಬಿಚ್ಚಲು ಹೇಳಿದರು. ಹುಲ್ಲಿನ ನಡುವೆ ನಾಲಗೆಯಂತೆ ಮರಳಿನ ದಾರಿಯೊಂದಿತ್ತು. ಒಬ್ಬರ ಹಿಂದೆ ಒಬ್ಬರು ಅದರ ಮೇಲೆ ಮಾತ್ರ ಬರಬೇಕು, ಎಲೆಯ ಮೇಲೆ ಹೆಜ್ಜೆಯಿಟ್ಟವರನ್ನು ವಾಪಸ್ ಕಳಿಸುತ್ತೇನೆ ಎಂದರು. ಸರ್ಕಾರದ ಸಮಿತಿ ಬೂಟು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಸಾಲಾಗಿ ನಡೆಯಿತು. ಯಜಮಾನರು ತಮ್ಮ ಕುರ್ಚಿಯಲ್ಲೇ ಒದ್ದಾಡುತ್ತಿದ್ದರು. ಡ್ರೈವರ್ ಮತ್ತು ಆ ಫೋನಿನ ಸದಸ್ಯರು ಕುರ್ಚಿಸಮೇತ ಅವರನ್ನು ಎತ್ತಿಕೊಂಡರು. ಇನ್ನಿಬ್ಬರು ಸೇರಿದರೆ ನನ್ನ ಕೊನೆಯ ಯಾತ್ರೆಯೂ ಮುಗಿದೀತು ಎಂದು ಯಜಮಾನರು ಗೊಣಗಿದರು.

ಮರಳಿನಲ್ಲಿ ಬೋಗುಣಿಯಷ್ಟು ದೊಡ್ಡ ಗುಂಡಿಗಳಲ್ಲಿ ನೀರು ಉಳಿದಿತ್ತು, ಈಗ ಗಾಜಿನಷ್ಟು ತಿಳಿ. ಕೆಲವುಗಳಲ್ಲಿ ಬೆರಳುದ್ದದ ಮೀನುಮರಿಗಳು, ಒಂದೊಂದರಲ್ಲಿ ನೂರು ನೂರು, ಒಳಗಿನ ಮುಳ್ಳು ಕಾಣುವಷ್ಟು ಪಾರದರ್ಶಕ. ಇನ್ನೊಂದರಲ್ಲಿ ಎಲೆಗೆ ಬಾಲ ಸುತ್ತಿಕೊಂಡು ಒಂದು ಕಡಲಕುದುರೆ ನಿಂತಿತ್ತು. ನನ್ನ ಕಿರುಬೆರಳಿಗಿಂತ ಚಿಕ್ಕದು. ಜಾತ್ರೆಯಲ್ಲಿ ಅಮ್ಮನ ಬಟ್ಟೆಯ ತುದಿ ಹಿಡಿದ ಮಗುವಿನಂತೆ ಅದು ಆ ಎಲೆಯನ್ನು ಹಿಡಿದಿತ್ತು, ನೀರು ಬರುತ್ತದೆ ಎಂದು ಅದಕ್ಕೆ ಯಾರೋ ಹೇಳಿಹೋದ ಹಾಗೆ. ನಾನು ಅದರ ಮುಂದೆ ಮಂಡಿಯೂರಿ ಕೂತುಬಿಟ್ಟೆ. ಮೀನುಮರಿಗಳ ತೊಟ್ಟಿಲು ಎಂದು ನೂರು ಸಲ ಟೈಪ್ ಮಾಡಿದ ಬೆರಳುಗಳು ಇವೇ. ಮದುವೆಯಾಗಿ ಬಂದು ಹನ್ನೆರಡು ವರ್ಷ, ಕಾಲು ಗಂಟೆ ದೂರದಲ್ಲಿ ಇದು ಇತ್ತು.

ಎಂಜಿನಿಯರ್ ಮುಂದೆ ಹೋಗಿದ್ದರು. ಅವರು ನಿಂತ ಕಡೆ ಹುಲ್ಲಿನ ನಡುವೆ ಒಂದು ಬೋಳು ಪಟ್ಟಿ ಇತ್ತು. ಎರಡು ಅಂಗೈ ಅಗಲ, ಬಳುಕುತ್ತ ಬಳುಕುತ್ತ ಹತ್ತು ಹದಿನೈದು ಮಾರು ಉದ್ದ, ಕ್ಷೌರಿಕ ತಲೆಯ ಮೇಲೆ ಒಂದು ಸಲ ಮಾತ್ರ ಮೆಷಿನ್ ಓಡಿಸಿ ಬಿಟ್ಟಂತೆ. ಅದರಾಚೆ ಇನ್ನೊಂದು, ಮತ್ತೊಂದು. ಆಕಾಶದಿಂದ ತೆಗೆದ ಚಿತ್ರದಲ್ಲಿ ಈ ಗೆರೆಗಳನ್ನು ತಾವು ನೋಡಿದ್ದಾಗಿ, ದೋಣಿಗಳ ಲಂಗರು ಎಳೆದ ಗುರುತು ಎಂದು ವರದಿಯಲ್ಲಿ ಬರೆದದ್ದಾಗಿ ಅವರು ನಿಧಾನವಾಗಿ ಹೇಳಿದರು.

"ಲಂಗರು ಇಷ್ಟು ನೀಟಾಗಿ ಬೇರುಸಮೇತ ತಿನ್ನುತ್ತಾ?" ಎಂದು ಕೇಳಿದರು ಅತ್ತೆ. "ಇದು ಕಡಲಹಸು ಮೇಯ್ದ ದಾರಿ, ಡುಗಾಂಗ್ ಅಂತೀರಲ್ಲ ನೀವು, ಅದು. ಉಬ್ಬರದಲ್ಲಿ ಒಳಗೆ ಬರ್ತಾಳೆ, ಮೇಯ್ತಾಳೆ, ನೀರು ಇಳಿಯೋಕೆ ಮುಂಚೆ ಹೋಗ್ತಾಳೆ. ಮಣ್ಣಿನಂಚು ನೋಡಿ, ಇನ್ನೂ ಕುಸಿದಿಲ್ಲ. ಇವತ್ತು ಬೆಳಗಿನ ಜಾವದ್ದು."

ಪಕ್ಕದಲ್ಲೇ ಇನ್ನೊಂದು ಪಟ್ಟಿ ಇತ್ತು, ಮೊದಲಿನದರ ಜೊತೆಜೊತೆಗೆ ಸಾಗಿದ್ದು, ಅದರ ಅರ್ಧದಷ್ಟೇ ಅಗಲ. ಅದನ್ನು ಅತ್ತೆ ವಿವರಿಸಲಿಲ್ಲ. ವಿವರಿಸಬೇಕಾಗಿಯೂ ಇರಲಿಲ್ಲ. ನಾನು ಮತ್ತು ಅಧ್ಯಕ್ಷೆ ಒಂದೇ ಹೊತ್ತಿಗೆ ಅದನ್ನು ನೋಡಿ ಒಬ್ಬರ ಮುಖವನ್ನೊಬ್ಬರು ನೋಡಿದೆವು. ತಾಯಿ ಮತ್ತು ಮರಿ ಕೆಲವೇ ಗಂಟೆಗಳ ಹಿಂದೆ, ನಾನು ಹಾಸಿಗೆಯಲ್ಲಿ ಮಗಳ ಕಾಲನ್ನು ನನ್ನ ಹೊಟ್ಟೆಯ ಮೇಲಿಂದ ಸರಿಸುತ್ತಿದ್ದ ಹೊತ್ತಿಗೆ, ಇಲ್ಲಿ ಪಕ್ಕಪಕ್ಕ ಮೇಯುತ್ತಿದ್ದವು. ಅಧ್ಯಕ್ಷೆ ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು. ಎಂಜಿನಿಯರ್ ಟೇಪು ತೆಗೆದು ಎರಡು ಪಟ್ಟಿಗಳ ಅಗಲವನ್ನೂ ಅಳೆದರು. ಮರಿಯದನ್ನು ಅಳೆಯುವಾಗ ಟೇಪು ಎಲ್ಲೂ ತಾಗದಂತೆ ಎತ್ತಿ ಹಿಡಿದಿದ್ದರು.

ಯಜಮಾನರು ಕುರ್ಚಿಯಿಂದ ಬಗ್ಗಿ, ಮಡಚದ ಕಾಲನ್ನು ಉದ್ದಕ್ಕೆ ಚಾಚಿ, ಒಂದು ಎಲೆಯನ್ನು ಬೆರಳಲ್ಲಿ ಸವರುತ್ತಿದ್ದರು.

"ನಾನು ಇಷ್ಟು ವರ್ಷ ದುಡ್ಡು ಕೊಟ್ಟಿದ್ದು ವಕೀಲಮ್ಮನ ಬಾಯಿಗೆ ಹೆದರಿ," ಎಂದರು. ಆಮೇಲೆ ಯಾರಿಗೂ ಅಲ್ಲದಂತೆ ಹೇಳಿದರು: "ಲಂಗರಿನ ಹಗ್ಗ ಮಾರಿದವನು ನಾನು. ಇದರ ಮೇಲೆ ಎಷ್ಟು ಇಳಿಸಿದ್ರೋ."

ವಕೀಲಮ್ಮ ಅವರ ಕುರ್ಚಿಯ ಹಿಂದೆ ನಿಂತು ಕನ್ನಡಕ ಒರೆಸಿಕೊಂಡರು.

ಹನ್ನೊಂದು ಹತ್ತಕ್ಕೆ ಅತ್ತೆ ಕೈಯೆತ್ತಿದರು. ಗುಂಡಿಗಳ ನೀರು ಅಲುಗದೆ ನಿಂತಿತು, ಚಿಟಿಚಿಟಿ ಕೂಡ ತಗ್ಗಿದಂತಾಯಿತು. ಕಡಲು ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವ ಮೊದಲಿನ ಆ ಒಂದು ಕ್ಷಣ. ಆಮೇಲೆ ಬಾಗಿಲ ಕಡೆಯಿಂದ ಒಂದು ತೆಳ್ಳನೆಯ ಹೊಳಪು ಹುಲ್ಲಿನ ನಡುವೆ ನುಸುಳುತ್ತ ಬಂತು. ನಾವು ದಡ ಸೇರಿ ಅರ್ಧ ಗಂಟೆಯಲ್ಲಿ ಕೊಲ್ಲಿ ಮತ್ತೆ ಟೀ ಬಣ್ಣದ ನೀರು. ಏನೂ ಇಲ್ಲ, ಬರಿ ಮರಳು ಎಂದು ಯಾರು ಬೇಕಾದರೂ ಆಣೆಯಿಟ್ಟು ಹೇಳಬಹುದಾಗಿತ್ತು.

"ಇನ್ನೂ ಇದೆ ಅಲ್ವಾ, ಕೆಳಗೆ?" ಎಂದು ಅಧ್ಯಕ್ಷೆ ಕೇಳಿದರು. ನನ್ನ ಮಗಳು ದೀಪ ಆರಿಸಿದ ಮೇಲೆ ಅಮ್ಮಾ ಇದೀಯಾ ಎಂದು ಕೇಳುವ ಹಾಗೆಯೇ ಇತ್ತು.

"ಇದೆ," ಎಂದರು ಅತ್ತೆ.

ಹನ್ನೆರಡರ ಸಭೆ ತಪ್ಪಿತು. ಪತ್ರದಲ್ಲಿರುವ ವೇಳೆಗೂ ನೋಡಿದ ವೇಳೆಗೂ ತಾಳೆಯಾಗದಿದ್ದರೆ ನಾಳೆ ದೋಣಿ ನಿಲ್ದಾಣದವರು ಅದನ್ನೇ ಹಿಡಿದುಕೊಳ್ಳುತ್ತಾರೆ, ಆದ್ದರಿಂದ ತಿದ್ದುಪಡಿಯನ್ನು ಇಲ್ಲೇ ಬರೆದುಕೊಡಿ ಎಂದು ಅಧ್ಯಕ್ಷೆ ಹೇಳಿದರು. ಟೈಪ್‌ರೈಟರ್ ಇರಲಿಲ್ಲ. ಯಜಮಾನರ ಕುರ್ಚಿಯ ಕೈಯ ಮೇಲೆ ಕಾಗದವಿಟ್ಟು ನಾನು ಕೈಯಲ್ಲೇ ಬರೆದೆ: ನಮ್ಮ ಪತ್ರದಲ್ಲಿ ಹತ್ತು ಇಪ್ಪತ್ತು ಎಂದಿರುವುದು ಟೈಪಿಸ್ಟಳ ತಪ್ಪು, ನೀರು ಓದುವವರು ಕೊಟ್ಟ ವೇಳೆ ಹನ್ನೊಂದು ಹತ್ತು, ಇದಕ್ಕೆ ಆಧಾರ ಅವರ ಮೂವತ್ತೊಂದು ವರ್ಷದ ಪುಸ್ತಕಗಳು. ಕೆಳಗೆ ಸಹಿ ಹಾಕಿದೆ. ಅದರ ಕೆಳಗೆ ಅತ್ತೆ ಹಾಕಿದರು. ಎಂಜಿನಿಯರ್ ಯಾರೂ ಕೇಳದೆಯೇ ಪೆನ್ನು ತೆಗೆದುಕೊಂಡು ಕ್ಲಿಪ್ಪಿನ ಅಳತೆಯನ್ನು ಸೇರಿಸಿ ತಾವೂ ಹಾಕಿದರು.

ಮನೆಗೆ ನಡೆಯುವಾಗ ನಾನು ಅತ್ತೆಯ ಮುಖ ನೋಡಲಾರದೆ ಅವರ ಕೈಚೀಲವನ್ನು ನೋಡುತ್ತಿದ್ದೆ.

"ನನ್ನನ್ನೇ ಕೇಳಬಹುದಿತ್ತಲ್ಲೇ," ಎಂದರು ಅರ್ಧ ದಾರಿಯಲ್ಲಿ.

"ನಿಮಗೆ ಬೇಜಾರಾಗುತ್ತೆ ಅಂತ, ಅತ್ತೆ."

"ಮೂವತ್ತೊಂದು ವರ್ಷ ಕಡಲು ನನ್ನನ್ನ ತಿದ್ದಿದೆ. ನೀನು ತಿದ್ದಿದ್ರೆ ಏನು ಬೇಜಾರು? ಆದ್ರೆ ಎದುರಿಗೆ ತಿದ್ದು." ಇನ್ನೂ ಸ್ವಲ್ಪ ದೂರ ಹೋದ ಮೇಲೆ ಸೇರಿಸಿದರು, "ಉಪ್ಪೂ ಅಷ್ಟೇ."

ನಾಲ್ಕು ತಿಂಗಳಿಗೆ ಅಂತಿಮ ನಕ್ಷೆ ಬಂತು. ನಮ್ಮ ಕೊಲ್ಲಿ ಹಸಿರು. ಅದರ ಜೊತೆಗಿನ ಆದೇಶದಲ್ಲಿ, ಈ ಜಾಗದಲ್ಲಿ ಅಚ್ಚಾದ ಪಟ್ಟಿಯ ಬದಲು ಸ್ಥಳೀಯ ಪುಸ್ತಕಗಳ ವೇಳೆಯನ್ನೇ ಹಿಡಿಯತಕ್ಕದ್ದು ಎಂಬ ಸಾಲು ಇತ್ತು, ಕೊನೆಯಲ್ಲಿ ನನ್ನ ಕೈಬರಹದ ಕಾಗದವನ್ನು ಹಾಗೆಯೇ ಅಚ್ಚು ಮಾಡಿದ್ದರು. ಟೈಪಿಸ್ಟಳ ತಪ್ಪು ಎಂಬುದು ಈಗ ಸರ್ಕಾರದ ದಾಖಲೆ. ವಕೀಲಮ್ಮ ಅದಕ್ಕೆ ಚೌಕಟ್ಟು ಹಾಕಿಸಿ ನನ್ನ ಮೇಜಿನ ಎದುರಿಗೆ ನೇತುಹಾಕಿದ್ದಾರೆ. ತೆಗೆಯಿರಿ ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಯಜಮಾನರು ಅಂಗಳವನ್ನು ಬರೆದುಕೊಟ್ಟರು. ಕಾವಲಿನ ಮನೆಗೆ ಬಾಗಿಲು ಕೂರಿಸಿದ್ದಾರೆ, ಕಿಟಕಿ ಇನ್ನೂ ಬಂದಿಲ್ಲ.

ಮೊನ್ನೆ ಅತ್ತೆ ಈ ವರ್ಷದ ಚೀಟಿ ಕೊಟ್ಟರು. ಸಮಿತಿಯವರು ಕೇಳಿದ್ದಾರೆ, ಶಾಲೆಯವರೂ ಕೇಳಿದ್ದಾರೆ. ಹತ್ತು ಮೂವತ್ತು ಎಂದಿತ್ತು. ಪಟ್ಟಿಯನ್ನು ನಾನು ತೆರೆಯಲಿಲ್ಲ, ಆದರೂ ಆ ಹತ್ತು ಯಾಕೋ ಸರಿ ಕಾಣಲಿಲ್ಲ. ಒಲೆಯ ಉರಿ ಸಣ್ಣದು ಮಾಡಿ, ಚೀಟಿ ಹಿಡಿದು ಅವರ ಮಂಚದ ಹತ್ತಿರ ಹೋಗಿ ಕೇಳಿದೆ, ಅತ್ತೆ, ಇದು ಹೌದಾ ಎಂದು. ಅವರು ಕನ್ನಡಕ ಹಾಕಿಕೊಂಡು, ಟ್ರಂಕಿನಿಂದ ಒಂದು ಪುಸ್ತಕ ತೆಗೆಸಿ, ಬೆರಳಿಟ್ಟು ಓದಿದರು.

"ಹನ್ನೊಂದು ಮೂವತ್ತು," ಎಂದರು. "ಒಂದು ಗಂಟೆ ಬಿಟ್ಟುಹೋಗಿದೆ. ಒಳ್ಳೇದಾಯ್ತು ಕೇಳಿದ್ದು."

ಅವರ ಮುಖವೇನೂ ಸಣ್ಣದಾಗಲಿಲ್ಲ. ಪೆನ್ನು ಇಸಿದುಕೊಂಡು ತಾವೇ ತಿದ್ದಿಕೊಟ್ಟರು. ಆ ದಿನ ಮಗಳಿಗೆ ಶಾಲೆ ಇದೆ, ನನಗೆ ಕಚೇರಿ ಇದೆ. ಇಬ್ಬರಿಗೂ ರಜಾ ಬರೆದಾಗಿದೆ. ಎರಡು ಡಜನ್ ಕ್ಲಿಪ್ಪೂ ತಂದಿಟ್ಟಿದ್ದೇನೆ.